ಇಬ್ಬರು ಭಾವಂದಿರು, ಒಂದು ಲಿನಕ್ಸ್ ಪೆಟ್ಟಿಗೆ

ಭಾವಮೈದನಾಗಿ ಹುಟ್ಟುವುದು ಸುಲಭದ ಕೆಲಸವಲ್ಲ. ಹುಟ್ಟಲೇಬೇಕೆಂದಿದ್ದರೆ ಒಬ್ಬಳೇ ಅಕ್ಕನಿರುವ ಮನೆ ನೋಡಿಕೊಂಡು ಹುಟ್ಟುವುದು ಕ್ಷೇಮ. ನನಗೆ ಅಷ್ಟು ವಿವೇಚನೆ ಇರಲಿಲ್ಲ. ಇಬ್ಬರು ಅಕ್ಕಂದಿರ ಬೆನ್ನಿಗೆ ಬಂದೆ, ಅವರಿಬ್ಬರೂ ಮದುವೆಯಾದರು, ನನಗೆ ಇಬ್ಬರು ಭಾವಂದಿರು ಗಂಟುಬಿದ್ದರು. ನಮ್ಮ ಪಿರಿಯಾಪಟ್ಟಣದ ಕಡೆ ಭಾವ ಎಂದರೆ ಬರೀ ಅಕ್ಕನ ಗಂಡ ಎಂದುಕೊಳ್ಳಬೇಡಿ; ಅದೊಂದು ಹುದ್ದೆ. ಅದಕ್ಕೆ ವರ್ಗಾವಣೆಯಿಲ್ಲ, ನಿವೃತ್ತಿಯಿಲ್ಲ, ಮೇಲಧಿಕಾರಿಯಂತೂ ಇಲ್ಲವೇ ಇಲ್ಲ. ಭಾವ ಬಂದರೆ ಕೂತವನು ಏಳಬೇಕು. ಭಾವ ತಂದ ಹಣ್ಣು ಹುಳಿಯಾಗಿದ್ದರೂ ಎರಡನೆಯ ಹೋಳಿಗೆ ಕೈಚಾಚಬೇಕು. ಭಾವ ರೇಡಿಯೋ ರಿಪೇರಿ ಮಾಡುತ್ತೇನೆಂದು ಬಿಚ್ಚಿಹಾಕಿ ಹೋದರೆ, ಆ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿ, 'ಈಗ ಬಹಳ ಚೆನ್ನಾಗಿ ಹಾಡುತ್ತೆ ಭಾವ' ಎನ್ನಬೇಕು. ಇದೆಲ್ಲವನ್ನೂ ನಾನು ಒಬ್ಬರಿಗಾದರೆ ಹೇಗೋ ನಿಭಾಯಿಸುತ್ತಿದ್ದೆ. ಇಬ್ಬರಿಗೂ ಮಾಡಬೇಕಾಗಿತ್ತು, ಅದೂ ಒಂದೇ ತೂಕದಲ್ಲಿ ಮಾಡಬೇಕಾಗಿತ್ತು. ಯಾಕೆಂದರೆ ನನ್ನ ಭಾವಂದಿರಿಬ್ಬರೂ ಪರಸ್ಪರ ಮಾತು ಬಿಟ್ಟವರು.

ಮಾತು ಬಿಟ್ಟದ್ದು ಚಿಕ್ಕಕ್ಕನ ಮದುವೆಯ ದಿನ. ಮನೆಯ ಹಿರಿಯ ಅಳಿಯನಾದ ದೊಡ್ಡ ಭಾವನಿಗೆ ಊಟದ ಮೊದಲ ಪಂಕ್ತಿಯಲ್ಲಿ ಎಲೆ ಸಿಗಲಿಲ್ಲವಂತೆ. ಆ ಎಲೆಯಲ್ಲಿ ಹೊಸ ಅಳಿಯನ ಕಡೆಯ ಯಾರೋ ಕೂತಿದ್ದರಂತೆ. ಯಾರೆಂದು ಇವತ್ತಿಗೂ ಗೊತ್ತಿಲ್ಲ, ಆದರೆ ಮಾತು ನಿಂತದ್ದಂತೂ ಖಂಡಿತ. ಅಂದಿನಿಂದ ಇಬ್ಬರೂ ನಮ್ಮ ನಡುಮನೆಯಲ್ಲಿ ಎದುರುಬದುರು ಕೂತಿದ್ದರೂ ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದರು. 'ಮಾದೇಶ, ಫ್ಯಾನು ಸ್ವಲ್ಪ ನಿಧಾನ ಮಾಡೋಕೆ ಹೇಳು' ಎಂದು ದೊಡ್ಡ ಭಾವ ಹೇಳಿದರೆ, ನಾನು ಎರಡು ಅಡಿ ದೂರದಲ್ಲಿದ್ದ ಚಿಕ್ಕ ಭಾವನಿಗೆ ಅದನ್ನೇ ಮತ್ತೆ ಹೇಳಬೇಕು. ನಮ್ಮ ನಡುಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ದೊಡ್ಡ ಭಾವ ಒಂದು ತಂದುಕೊಟ್ಟಿದ್ದನ್ನು ನೋಡಿ ಚಿಕ್ಕ ಭಾವ ಇನ್ನೊಂದು ತಂದುಕೊಟ್ಟಿದ್ದರು. ಎರಡೂ ಒಂದೇ ಹೊತ್ತು ತೋರಿಸಿದ್ದು ನನಗೆ ನೆನಪಿಲ್ಲ. ಒಂದನ್ನು ಇಳಿಸೋಣವೆಂದರೆ ಅವ್ವ ಬಿಡಲಿಲ್ಲ. "ಯಾವುದ್ನ ತಗೀತೀಯಾ ನೋಡ್ತೀನಿ. ಅಬ್ಬಕ್ಕೆ ಬಂದಾಗ ನಿಮ್ಮಕ್ಕ ಮೊದಲು ನೋಡೋದೇ ಗೋಡೆಯಾ" ಎಂದಳು. ಹೊತ್ತು ತಿಳಿಯಬೇಕಾದಾಗ ಅವ್ವ ಅಂಗಳಕ್ಕೆ ಹೋಗಿ ಬಿಸಿಲು ನೋಡಿಕೊಂಡು ಬರುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ತುರುಕುತ್ತಾ ಕೂರುವ ತಾಳ್ಮೆ ನನಗಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಜಮೀನನ್ನು ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ವಾರಕ್ಕೆ ಕೊಟ್ಟು, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಮಳಿಗೆ ಹಿಡಿದು ಇಂಟರ್ನೆಟ್ ಸೆಂಟರ್ ತೆರೆದೆ. ಆಗತಾನೇ ನಮ್ಮಂಥ ತಾಲ್ಲೂಕು ಊರುಗಳಿಗೂ ಟೆಲಿಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬಂದಿತ್ತು. ಎಡಗೋಡೆಗೆ ಮೂರು ಕಂಪ್ಯೂಟರು, ಬಲಗೋಡೆಗೆ ಮೂರು, ನಡುವೆ ಗಿರಾಕಿಗಳು ಅಡ್ಡಡ್ಡ ನಡೆಯುವಷ್ಟು ದಾರಿ. ಇವೆಲ್ಲಕ್ಕೂ ಇಂಟರ್ನೆಟ್ಟನ್ನು ಹಂಚುವುದಕ್ಕೆಂದು ನನ್ನ ಮೇಜಿನ ಕೆಳಗೆ ಒಂದು ಹಳೆಯ ಪೆಟ್ಟಿಗೆ. ಕೆ.ಆರ್. ನಗರದಲ್ಲಿ ಕಂಪ್ಯೂಟರ್ ತರಗತಿ ನಡೆಸುವ ದೊಡ್ಡ ಭಾವ ಅದರೊಳಗೆ ಲಿನಕ್ಸ್ ಹಾಕಿಕೊಟ್ಟರು. "ಇದಕ್ಕೆ ವೈರಸ್ಸು ಬರಾಕಿಲ್ಲ ಕಣಯ್ಯ. ಬಂದ್ರೂ ದಾರಿ ಗೊತ್ತಾಗದೆ ವಾಪಸ್ ಹೋಯ್ತದೆ" ಎಂದರು. ದಾರಿ ಗೊತ್ತಾಗದಿರುವ ವಿಷಯದಲ್ಲಿ ನಾನೂ ಆ ವೈರಸ್ಸಿನ ಜಾತಿಗೇ ಸೇರಿದವನೆಂದು ಆಮೇಲೆ ತಿಳಿಯಿತು. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ, ಏನು ಬರೆದರೂ ಇಂಗ್ಲಿಷಿನಲ್ಲಿ ಬಯ್ಗುಳ.

ಇಲ್ಲಿ ಒಂದು ವಿಷಯವನ್ನು ನಿಮಗೆ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ನಾವು ಇಂಟರ್ನೆಟ್ಟಿನಲ್ಲಿ ಹೆಸರು ಹೊಡೆಯುತ್ತೇವೆ. ಆದರೆ ಕಂಪ್ಯೂಟರಿಗೆ ಹೆಸರು ತಿಳಿಯುವುದಿಲ್ಲ, ನಂಬರೇ ಬೇಕು. ಈ ಹೆಸರಿನವರ ನಂಬರು ಇದು ಎಂದು ಹೇಳುವುದಕ್ಕೆ ನಡುವೆ ಒಬ್ಬ ಬೇಕು. ಹೊಸಬನೊಬ್ಬ ಕಂಪಲಾಪುರದಲ್ಲಿ ಬಸ್ಸಿಳಿದು ಪುಟ್ಟಸ್ವಾಮಿಯ ಮನೆ ಎಲ್ಲಿ ಎಂದು ಟೀ ಅಂಗಡಿಯಲ್ಲಿ ಕೇಳುತ್ತಾನಲ್ಲ, ಹಾಗೆ. ಈ ಟೀ ಅಂಗಡಿಯವನ ಕೆಲಸಕ್ಕೆ ಡಿ.ಎನ್.ಎಸ್. ಎಂದು ಹೆಸರು. ದೊಡ್ಡ ಭಾವ ನನ್ನ ಲಿನಕ್ಸ್ ಪೆಟ್ಟಿಗೆಯೊಳಗೇ ಅಂಥದೊಂದನ್ನು ಕೂರಿಸಿದರು. ಅದರ ಹೆಸರು ಬೈಂಡ್. ಬೇಗ ಉತ್ತರ ಕೊಡಲಿ ಎಂದು, ನಮ್ಮ ಕಡೆಯ ಹುಡುಗರು ಹೆಚ್ಚಾಗಿ ನೋಡುವ ಪರೀಕ್ಷೆ, ಅರ್ಜಿ, ಫಲಿತಾಂಶಗಳ ಜಾಗಗಳ ನಂಬರುಗಳನ್ನೆಲ್ಲ ತಾವೇ ಕೈಯಾರೆ ಅದರಲ್ಲಿ ಬರೆದಿಟ್ಟರು. ಬರೆದದ್ದನ್ನು ಮತ್ತೆ ತಿದ್ದಬೇಕಾಗುತ್ತದೆ ಎನ್ನುವುದು ಅವರ ಸ್ವಭಾವದಲ್ಲಿರಲಿಲ್ಲ. ಅವರ ತರಗತಿಯಲ್ಲೂ ಹಾಗೆಯೇ ಎಂದು ಅಲ್ಲಿ ಕಲಿತವರು ಹೇಳುತ್ತಾರೆ.

ಈ ಸುದ್ದಿ ಚಿಕ್ಕಕ್ಕನ ಮೂಲಕ ಹುಣಸೂರಿಗೆ ಮುಟ್ಟಿತು. ಹುಣಸೂರಿನಲ್ಲಿ ಚಿಕ್ಕ ಭಾವನ ಕಂಪ್ಯೂಟರ್ ರಿಪೇರಿ ಅಂಗಡಿ. ಮುಂದಿನ ವಾರವೇ ಅವರು ಸಿ.ಡಿ. ಹಿಡಿದುಕೊಂಡು ಬಂದಿಳಿದರು. "ಅದ್ಯಾವುದೋ ದೊಡ್ಡ ದೊಡ್ಡ ಕಂಪ್ನಿಗೆ ಹಾಕೋದ್ನ ಈ ಗೂಡಂಗಡಿಗೆ ಹಾಕವ್ರಲ್ಲ ಮಾದೇಶ, ಎತ್ತಿನಗಾಡಿಗೆ ಲಾರಿ ಇಂಜಿನ್ ಕೂರಿಸ್ದಂಗೆ ಅಲ್ವೇನೋ" ಎಂದರು. ದೊಡ್ಡ ಭಾವ ಅಲ್ಲಿರಲಿಲ್ಲವಾದರೂ ನನ್ನ ಮೂಲಕ ಅವರಿಗೆ ತಲುಪಲಿ ಎನ್ನುವಷ್ಟು ಗಟ್ಟಿಯಾಗಿ ಅಂದರು. ದೊಡ್ಡ ಭಾವನದರ ಪಕ್ಕದಲ್ಲೇ ಅವರು ಹಾಕಿದ್ದು ಅದೇ ಕೆಲಸ ಮಾಡುವ ಡಿಎನ್ಎಸ್‌ಮಾಸ್ಕ್ ಎನ್ನುವ ಚಿಕ್ಕದು, ಚೊಕ್ಕದು. ಹುಡುಗರು ಮೇಲ್ ತೆಗೆದು ಗಂಟೆಗಟ್ಟಲೆ ಹರಟುತ್ತಾ ಹಾಳಾಗುತ್ತಿದ್ದಾರೆಂದು, ಆ ಮೇಲ್‌ನ ಹೆಸರು ಕೇಳಿದರೆ ಅಂಥ ಊರೇ ಇಲ್ಲವೆನ್ನಬೇಕೆಂದು ಅದಕ್ಕೆ ಹೇಳಿಕೊಟ್ಟರು. ಹುಡುಗರು ಗಂಟೆಗಟ್ಟಲೆ ಹಾಳಾಗುವುದರಿಂದಲೇ ನನ್ನ ಅಂಗಡಿಯ ಬಾಡಿಗೆ ಹುಟ್ಟುವುದೆಂದು ಹೇಳಬೇಕೆನಿಸಿತು. "ಒಳ್ಳೇದಾಯ್ತು ಭಾವ" ಎಂದೆ.

ಆ ದಿನದಿಂದ ನನ್ನ ಪೆಟ್ಟಿಗೆಯೊಳಗೆ ಪಂಕ್ತಿಯ ಜಗಳ ಶುರುವಾಯಿತು. ಹೆಸರು ಕೇಳುವವರೆಲ್ಲ ಐವತ್ತಮೂರನೆಯ ನಂಬರಿನ ಒಂದೇ ಕಿಂಡಿಯಲ್ಲಿ ಬಂದು ಕೇಳುತ್ತಾರೆ. ಆ ಕಿಂಡಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಮೊದಲು ಎದ್ದವರು ಕೂರುತ್ತಿದ್ದರು. ಎರಡನೆಯವರು ಬಂದು, ಜಾಗ ಆಗಲೇ ಭರ್ತಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಪ್ರಾಣ ಬಿಡುತ್ತಿದ್ದರು. ದೊಡ್ಡ ಭಾವ ಬಂದಾಗ ತಮ್ಮದು ಸತ್ತುಬಿದ್ದಿರುವುದನ್ನು ನೋಡಿ, ಮುಖ ಗಂಟುಹಾಕಿಕೊಂಡು, ಕರೆಂಟು ಬಂದ ಕೂಡಲೇ ತಮ್ಮದೇ ಮೊದಲು ಏಳುವಂತೆ ಮಾಡಿ ಹೋಗುತ್ತಿದ್ದರು. ಚಿಕ್ಕ ಭಾವ ಬಂದಾಗ ಅದನ್ನು ಹಿಂದುಮುಂದು ಮಾಡಿ ಹೋಗುತ್ತಿದ್ದರು. ನಮ್ಮ ಊರಿನ ಕರೆಂಟಿನ ಗುಣ ನಿಮಗೆ ಗೊತ್ತಲ್ಲ. ಬೆಳಿಗ್ಗೆ ಒಬ್ಬ ಭಾವನ ಆಡಳಿತ, ಮಧ್ಯಾಹ್ನ ಕರೆಂಟು ಹೋಗಿಬಂದ ಮೇಲೆ ಯಾರದೆಂದು ಹೇಳುವ ಹಾಗಿರಲಿಲ್ಲ. ಇದರ ಜೊತೆಗೆ, ಯಾರನ್ನು ಮೊದಲು ಕೇಳಬೇಕೆಂದು ಪೆಟ್ಟಿಗೆಗೆ ತಿಳಿಸುವ ಒಂದು ಪುಟ್ಟ ಫೈಲಿತ್ತು. ನಾನು ಅದರಲ್ಲಿ ಒಬ್ಬರ ಹೆಸರು ಬರೆದು ಉಳಿಸಿ, ಟೀ ಕುಡಿದು ಬರುವಷ್ಟರಲ್ಲಿ ಬೇರೇನೋ ಇರುತ್ತಿತ್ತು. ಭಾವಂದಿರಿಬ್ಬರೂ ಊರಲ್ಲಿಲ್ಲ, ಅವ್ವನಿಗೆ ಲಿನಕ್ಸ್ ಬರುವುದಿಲ್ಲ, ಮತ್ತೆ ಬರೆದವರು ಯಾರು? ಲೈನು ಕಡಿದು ಮತ್ತೆ ಸೇರಿಕೊಂಡಾಗಲೆಲ್ಲ ಪೆಟ್ಟಿಗೆ ತಾನೇ ಅದನ್ನು ಅಳಿಸಿ ಹೊಸದಾಗಿ ಬರೆಯುತ್ತದೆಂದು ತಿಳಿಯುವವರೆಗೂ ನಾನು ಅಂಗಡಿಯ ಮೂಲೆಯಲ್ಲಿ ಊದುಬತ್ತಿ ಹಚ್ಚುತ್ತಿದ್ದೆ.

ಒಂದನ್ನು ತೆಗೆದುಹಾಕಿದರೆ ಮುಗಿಯಿತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಅವ್ವನಿಗೆ ಅದನ್ನೇ ಕೇಳಿದೆ. ಎರಡು ಸಾಫ್ಟ್‌ವೇರು, ಒಂದು ಕಿಂಡಿ ಎಂದು ಬಿಡಿಸಿ ಹೇಳಿದೆ. ಅವಳು ಹುರುಳಿ ಆರಿಸುತ್ತಾ ಪೂರ್ತಿ ಕೇಳಿ, "ಕೂತ್ಕಳಕ್ಕೆ ಜಾಗ ಇಲ್ದಿದ್ರೆ ಇನ್ನೊಂದು ಚಾಪೆ ಆಸು ಕಣ್ಲಾ. ಮನೆ ಅಳಿಯಂದ್ರು ಮಾಡಿಕೊಟ್ಟುದ್ನ ಕಿತ್ತು ಬಿಸಾಕ್ತಾರೇನ್ಲಾ?" ಎಂದಳು. ಅವಳಿಗೆ ಕಂಪ್ಯೂಟರು ಅರ್ಥವಾಗಿಲ್ಲವೆಂದು ಮೊದಲು ನಕ್ಕೆ. ಆಮೇಲೆ ಪುಸ್ತಕಗಳಲ್ಲಿ ಹುಡುಕಿದರೆ ಇನ್ನೊಂದು ಚಾಪೆ ಹಾಸುವುದು ನಿಜವಾಗಿಯೂ ಸಾಧ್ಯವಿತ್ತು! ಒಂದೇ ಪೆಟ್ಟಿಗೆಗೆ ಎರಡು ವಿಳಾಸ ಕೊಟ್ಟು, ಒಂದರ ಕಿಂಡಿಯಲ್ಲಿ ದೊಡ್ಡ ಭಾವನದನ್ನೂ ಇನ್ನೊಂದರ ಕಿಂಡಿಯಲ್ಲಿ ಚಿಕ್ಕ ಭಾವನದನ್ನೂ ಕೂರಿಸಬಹುದಂತೆ. ಬಹಳ ದಿನ ಒದ್ದಾಡಿ ಅದನ್ನೇ ಮಾಡಿದೆ. ಎಡಸಾಲಿನ ಮೂರು ಕಂಪ್ಯೂಟರುಗಳು ದೊಡ್ಡ ಭಾವನನ್ನು ಕೇಳುವಂತೆ, ಬಲಸಾಲಿನ ಮೂರು ಚಿಕ್ಕ ಭಾವನನ್ನು ಕೇಳುವಂತೆ ಮಾಡಿದೆ. ಹಬ್ಬಕ್ಕೆ ಇಬ್ಬರು ಅಳಿಯಂದಿರಿಗೂ ಒಂದೇ ಅಂಚಿನ ಪಂಚೆ ಕೊಟ್ಟಷ್ಟು ಸಮಾಧಾನವಾಯಿತು. ಕಂಪ್ಯೂಟರು ಗೊತ್ತಿರುವವರು ಯಾರೂ ಮಾಡದ ಕೆಲಸ ಅದು ಎಂದು ಈಗ ತಿಳಿದಿದೆ. ಆಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗಿರಾಕಿಗಳು ಪಾಪ ಬೇಗ ಹೊಂದಿಕೊಂಡರು. ಮೇಲ್ ನೋಡುವವರು ಎಡಕ್ಕೆ ಹೋಗುತ್ತಿದ್ದರು, ಅರ್ಜಿ ಹಾಕುವವರು ಬಲಕ್ಕೆ ಹೋಗುತ್ತಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಬಸ್ ನಿಲ್ದಾಣದ ನಲ್ಲಿಗಳಲ್ಲಿ ಒಂದರಲ್ಲಿ ಮಾತ್ರ ನೀರು ಬರುವುದನ್ನು ಕಂಡವರಿಗೆ ಇದೇನು ವಿಚಿತ್ರವಲ್ಲ. ಹೀಗೇ ನಡೆದುಕೊಂಡು ಹೋಗುತ್ತಿತ್ತು, ನಡೆದುಕೊಂಡು ಹೋಗುತ್ತಲೂ ಇರುತ್ತಿತ್ತು, ನಾನು ಮದುವೆಯಾಗಬೇಕೆಂದು ಹೊರಡದಿದ್ದರೆ.

ಹುಡುಗಿಯ ಹೆಸರು ಪವಿತ್ರ. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದವಳು, ಬಿ.ಎಸ್ಸಿ. ಮಾಡಿದ್ದಳು. ನಾನು ಅವಳನ್ನು ಸಂಬಂಧದ ಮಾತು ಬರುವುದಕ್ಕೆ ಮೊದಲೇ ಕಂಪಲಾಪುರದ ಒಂದು ಮದುವೆಯಲ್ಲಿ ನೋಡಿದ್ದೆ. ಗೆಳತಿಯರ ಜೊತೆ ಏನನ್ನೋ ನೋಡಿ ನಗುತ್ತಿದ್ದಳು. ನನ್ನನ್ನೇ ನೋಡಿ ನಕ್ಕಳೋ ಏನೋ ಎಂದು ನಾನು ಶರಟಿನ ಗುಂಡಿ ನೋಡಿಕೊಂಡೆ. ಒಂದು ಮೇಲೆ ಕೆಳಗಾಗಿತ್ತು. ಅವತ್ತಿನಿಂದ ನನಗೆ ಬೇರೆ ಹುಡುಗಿ ಬೇಡವೇ ಬೇಡ ಎನಿಸಿಬಿಟ್ಟಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ದೇವರ ದಯೆಯಿಂದ ಅದೇ ಮನೆಯಿಂದ ಮಾತು ಬಂತು. ಜಾತಕ ಕೂಡಿತು. ನಮ್ಮಲ್ಲಿ ಇನ್ನೊಂದು ಶಾಸ್ತ್ರವಿದೆ, ಹುಡುಗಿಯ ಕಡೆಯವರು ಬಂದು ಗಂಡಿನ ಮನೆ ನೋಡಿಕೊಂಡು ಹೋಗುವುದು. ಮನೆ, ಜಮೀನು, ಕೊಟ್ಟಿಗೆ ನೋಡಿ, ಕಾಫಿ ಕುಡಿದು, 'ತಿಳುಸ್ತೀವಿ' ಎಂದು ಹೋಗುತ್ತಾರೆ. ಆ 'ತಿಳುಸ್ತೀವಿ'ಯಲ್ಲಿ ಎಷ್ಟೋ ಮದುವೆಗಳು ಮುಳುಗಿಹೋಗಿವೆ.

ಅವಳ ತಂದೆ ಶಿವಣ್ಣೇಗೌಡರು ಫೋನಿನಲ್ಲಿ, "ಮಗೀದು ಒಂದು ಅರ್ಜಿ ಅದೆ, ಟೀಚರ್ ಟ್ರೈನಿಂಗಿಂದು. ಅವತ್ತೇ ಕಡೇ ದಿನ, ಸಂಜೆ ಐದ್ರೊಳಗೆ ಹಾಕ್ಬೇಕಂತೆ. ಎಂಗೂ ನಿಮ್ದು ಇಂಟರ್ನೆಟ್ ಅಂಗ್ಡಿಯಲ್ವಾ, ಅವಳ್ನೂ ಕರ್ಕೊಂಡೇ ಬತ್ತೀವಿ. ಅರ್ಜೀನೂ ಆಯ್ತದೆ, ಅಂಗ್ಡೀನೂ ನೋಡ್ದಂಗಾಯ್ತದೆ" ಎಂದರು. ಸಾಮಾನ್ಯವಾಗಿ ಮನೆ ನೋಡಲು ಹುಡುಗಿ ಬರುವುದಿಲ್ಲ. ಅವಳೇ ಬರುತ್ತಾಳೆಂದು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅರ್ಜಿ ಎಂಬ ಪದ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಪ್ಪ ಇಲ್ಲದ ಮನೆ, ಗಂಡಿನ ಕಡೆಯ ಹಿರಿಯರೆಂದರೆ ಭಾವಂದಿರೇ. ಇಬ್ಬರಿಗೂ ಒಂದೇ ದಿನ, ಒಂದೇ ಮಾತಿನಲ್ಲಿ ಫೋನು ಮಾಡಿ ಕರೆದೆ.

ಹಂಪಾಪುರದವರು ಹೆಗ್ಗಡದೇವನಕೋಟೆ, ಹುಣಸೂರು ಎಂದು ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಅಂಗಡಿಗೆ ಬಂದೆವು. ಬಾಗಿಲ ಎಡಕ್ಕೆ ದೊಡ್ಡ ಭಾವ ಕುರ್ಚಿ ಹಾಕಿಕೊಂಡರು, ಬಲಕ್ಕೆ ಚಿಕ್ಕ ಭಾವ. ನಡುವೆ ಶಿವಣ್ಣೇಗೌಡರು. ಪವಿತ್ರ ಅರ್ಜಿಗೆ ಬೇಕಾದ ಕಾಗದಗಳನ್ನು ಹಿಡಿದು ನಿಂತಳು. "ಈ ಕಡೆ ಕೂತ್ಕಳವ್ವ, ಇದು ಫಾಸ್ಟು" ಎಂದು ದೊಡ್ಡ ಭಾವ ಎಡಸಾಲನ್ನು ತೋರಿಸಿದರು. ಅರ್ಜಿಗೆ ಬಲಸಾಲು ಎಂದು ಗೊತ್ತಿದ್ದ ನಾನೇ ಕುರ್ಚಿ ಎಳೆದುಕೊಟ್ಟೆ. ಅವಳು ಕೂತು ಅರ್ಜಿಯ ಜಾಗದ ಹೆಸರು ಹೊಡೆದಳು. ನಿಜವಾಗಿಯೂ ಬಹಳ ಬೇಗ ತೆರೆಯಿತು. ಪರದೆಯ ತುಂಬ ಹಸಿರು ಬಣ್ಣದ ನೀರಿನ ಪಂಪುಗಳು. ದೊಡ್ಡ ಭಾವ ಎಂದೋ ಬರೆದಿಟ್ಟಿದ್ದ ನಂಬರಿನ ಮನೆಯನ್ನು ಟ್ರೈನಿಂಗಿನವರು ಖಾಲಿ ಮಾಡಿ ಹೋಗಿದ್ದರು, ಅಲ್ಲಿಗೆ ಯಾವುದೋ ಊರಿನ ಪಂಪು ಮಾರುವವರು ಬಂದು ಸೇರಿಕೊಂಡಿದ್ದರು. ಶಿವಣ್ಣೇಗೌಡರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಇದ್ಯಾಕವ್ವ ಪಂಪ್‌ಸೆಟ್ ತೋರುಸ್ತಾ ಅದೆ? ನಾವೇನು ಬೋರ್ ಹಾಕುಸ್ತೀವಾ?" ಎಂದರು.

"ಈ ಕಡೆ ಬನ್ನಿ ಅಂತ ಹೇಳು ಮಾದೇಶ" ಎಂದರು ಚಿಕ್ಕ ಭಾವ. ಅವಳು ಎದ್ದು ಬಲಸಾಲಿಗೆ ಬಂದಳು. ಅರ್ಜಿ ತೆರೆಯಿತು. ಹೆಸರು, ಊರು, ಅಂಕ ಎಲ್ಲ ತುಂಬಿದಳು. ನಾನು ಉಸಿರು ಬಿಟ್ಟೆ. ಕೊನೆಗೆ ಒಂದು ಸಾಲು ಬಂತು, ನಿಮ್ಮ ಮೇಲ್‌ಗೆ ಒಂದು ಕೊಂಡಿ ಕಳಿಸಿದ್ದೇವೆ, ಅದನ್ನು ಒತ್ತಿದರೆ ಅರ್ಜಿ ಪೂರ್ತಿ ಎಂದು. ಅವಳು ಮೇಲ್ ತೆರೆಯಲು ಹೋದಳು. ಅಂಥ ಊರೇ ಇಲ್ಲವೆಂದಿತು ಚಿಕ್ಕ ಭಾವನದು. ಎದ್ದು ಮತ್ತೆ ಎಡಸಾಲಿಗೆ ಹೋದಳು. ಮೇಲ್ ತೆರೆಯಿತು, ಕೊಂಡಿ ಬಂದಿತ್ತು. ಒತ್ತಿದಳು. ಪಂಪು. ಅವಳು ನನ್ನ ಕಡೆ ತಿರುಗಿ ನೋಡಿದಳು. ಕಂಪಲಾಪುರದಲ್ಲಿ ನಕ್ಕ ಹಾಗೆ ನಗುತ್ತಾಳೇನೋ ಎಂದುಕೊಂಡೆ, ನಗಲಿಲ್ಲ. ಅವಳಿಗೆ ಆ ಸೀಟು ಬೇಕಿತ್ತು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ನನಗೆ ಅವಳು ಬೇಕಿತ್ತು, ಅದು ನನ್ನ ಮುಖದಲ್ಲಿ ಕಾಣದಿರಲೆಂದು ನಾನು ಫ್ಯಾನಿನ ಕಡೆ ನೋಡಿದೆ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಎಡಸಾಲಿನ ಮೇಲ್‌ನಲ್ಲಿರುವ ಕೊಂಡಿಯನ್ನು ಓದಿ ಬಲಸಾಲಿನಲ್ಲಿ ಹೊಡೆದರಾಯಿತಲ್ಲ ಎಂದು ನಾನೇ ಜಾಣತನ ತೋರಿಸಿದೆ. ಎಡಗಡೆಯ ಪರದೆಯನ್ನು ಓದಲು ದೊಡ್ಡ ಭಾವ ಕೂತರು, ಯಾಕೆಂದರೆ ಅದು ಅವರ ಸಾಲು. ಬಲಗಡೆ ಹೊಡೆಯಲು ಚಿಕ್ಕ ಭಾವ ಕೂತರು, ಅದು ಅವರ ಸಾಲು. ಕೊಂಡಿಯೋ, ಬಾಲವಿಲ್ಲದ ತಲೆಯಿಲ್ಲದ ಅಕ್ಷರಗಳ ಉದ್ದನೆಯ ಸಾಲು. ದೊಡ್ಡ ಭಾವ, "ಚಿಕ್ಕ ಕೆ ಅಂತ ಹೇಳು" ಎನ್ನುವರು. ನಾನು ತಿರುಗಿ, "ಭಾವ, ಚಿಕ್ಕ ಕೆ" ಎನ್ನುವೆ. "ಆಯ್ತು ಅಂತ ಹೇಳು." "ಆಯ್ತಂತೆ ಭಾವ." "ದೊಡ್ಡ ಕ್ಯೂ ಅಂತ ಹೇಳು." ಇಬ್ಬರ ಬೆನ್ನುಗಳೂ ತಾಗುವಷ್ಟು ಹತ್ತಿರ. ಗಿರಾಕಿಗಳು ತಮ್ಮ ಕೆಲಸ ನಿಲ್ಲಿಸಿ ನೋಡತೊಡಗಿದರು. ಶಿವಣ್ಣೇಗೌಡರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕತ್ತು ತಿರುಗಿಸಿ, ಕೊನೆಗೆ ಮಗಳನ್ನು ಮೆಲ್ಲಗೆ, "ಇಲ್ಲಿ ಎಲ್ಲಾ ಇಂಗೇಯಾ?" ಎಂದು ಕೇಳಿದ್ದು ನನಗೆ ಕೇಳಿಸಿತು. ಸಾಲು ಮುಗಿಯಿತು. ಕೊಂಡಿ ಸರಿಯಿಲ್ಲವೆಂದು ಬಂತು. ಓದಿದ್ದರಲ್ಲಿ ತಪ್ಪಿಲ್ಲವೆಂದು ಹೇಳು ಎಂದರು ದೊಡ್ಡ ಭಾವ. ಹೊಡೆದದ್ದರಲ್ಲಿ ತಪ್ಪಿಲ್ಲವೆಂದು ಹೇಳು ಎಂದರು ಚಿಕ್ಕ ಭಾವ. ಹಾಗಾದರೆ ತಪ್ಪು ಮಾಡಿದವನು ನಡುವಿದ್ದವನೊಬ್ಬನೇ.

ಗಂಟೆ ನಾಲ್ಕೂವರೆ ದಾಟಿತ್ತು. ಭಾವಂದಿರಿಬ್ಬರೂ ತಮ್ಮದು ಸರಿಯಾಗಿದೆ, ಅವರದ್ದನ್ನು ತೆಗಿ ಎಂದು ನನಗೇ ಹೇಳುತ್ತಿದ್ದರು, ಇಬ್ಬರೂ ಒಟ್ಟಿಗೆ. ನಾನು ಇಬ್ಬರಿಗೂ "ಹೌದು ಭಾವ" ಎನ್ನುತ್ತಿದ್ದೆ. ಆಗ ಪವಿತ್ರ ನನ್ನ ಮೇಜಿನ ಹತ್ತಿರ ಬಂದಳು.

"ಇವೆರಡ್ರಲ್ಲಿ ನಿಮಗೆ ಬೇಕಾಗಿರೋದು ಯಾವ್ದು?" ಎಂದಳು.

"ಎರಡೂ ಇರಲಿ ಅಂತ. ಒಂದು ದೊಡ್ಡ ಭಾವ ಹಾಕಿದ್ದು, ಇನ್ನೊಂದು ಚಿಕ್ಕ ಭಾವ..."

"ಯಾರು ಹಾಕಿದ್ದು ಅಂತ ಕೇಳ್ಲಿಲ್ಲ ನಾನು. ನಿಮಗೆ ಬೇಕಾಗಿರೋದು ಯಾವ್ದು ಅಂತ ಕೇಳ್ದೆ."

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉತ್ತರಕ್ಕಾಗಿ ಅಭ್ಯಾಸಬಲದಿಂದ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ನೋಡಿದೆ. ಅವಳು ಅದನ್ನೂ ನೋಡಿದಳು. ಈ ಹುಡುಗಿ ಈಗ ತಂದೆಯ ಜೊತೆ ಬಸ್ಸು ಹತ್ತುತ್ತಾಳೆ, ದಾರಿಯಲ್ಲಿ ಬೇಡವೆನ್ನುತ್ತಾಳೆ, ಅದು ಸರಿಯಾದ ತೀರ್ಮಾನವೇ ಆಗಿರುತ್ತದೆ ಎಂದು ನನಗೆ ಹೊಳೆದದ್ದೇ ತಡ, ಏನಾಯಿತೋ, ಲಿನಕ್ಸ್ ಪೆಟ್ಟಿಗೆಯ ಮುಂದೆ ಕೂತು ದೊಡ್ಡ ಭಾವನದನ್ನು ನಿಲ್ಲಿಸಿದೆ. ಅದೇ ಉಸಿರಿನಲ್ಲಿ ಚಿಕ್ಕ ಭಾವನದನ್ನೂ ನಿಲ್ಲಿಸಿದೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಎರಡನೆಯದನ್ನು ಮತ್ತೆ ಮತ್ತೆ ಹೊಡೆಯಬೇಕಾಯಿತು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ "ಹೋಯ್ತು, ಹೋಯ್ತು" ಎಂದು ಕೂಗಿದರು. ಬ್ರಾಡ್‌ಬ್ಯಾಂಡಿನವರು ಮೋಡೆಮ್ಮಿನ ಬೆನ್ನಿಗೆ ತಮ್ಮದೇ ಡಿ.ಎನ್.ಎಸ್. ನಂಬರಿನ ಚೀಟಿ ಅಂಟಿಸಿ ಹೋಗಿದ್ದರು. ಅದನ್ನು ನೋಡಿಕೊಂಡು ಅವಳು ಕೂತಿದ್ದ ಕಂಪ್ಯೂಟರಿಗೆ ನೇರವಾಗಿ ತುಂಬಿದೆ. "ಈಗ ನೋಡಿ" ಎಂದೆ. ದನಿ ನನ್ನದೇ ಎನ್ನಿಸಲಿಲ್ಲ.

ಮೇಲ್ ತೆರೆಯಿತು. ಕೊಂಡಿ ಒತ್ತಿದಳು. ಪಂಪು ಬರಲಿಲ್ಲ. ಅರ್ಜಿ ಸೇರಿತು, ನಂಬರು ಬಂತು, ಪ್ರಿಂಟೂ ಬಂತು. ಶಿವಣ್ಣೇಗೌಡರು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ನಾನು ಹೆದರಿದ್ದ ಮಾತನ್ನೇ ಹೇಳಿದರು: "ತಿಳುಸ್ತೀವಿ."

ಭಾವಂದಿರು ಅಂಗಡಿಯ ಹೊರಗೆ ನಿಂತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. "ನೋಡಿದ್ರಾ ಅಣ್ಣ, ನಮ್ಮಿಬ್ರನ್ನೂ ಒಂದೇ ಏಟಿಗೆ ತೆಗುದ್ಬುಟ್ಟ" ಎಂದರು ಚಿಕ್ಕ ಭಾವ. ನೇರವಾಗಿ ಎಂದರು, ನಡುವೆ ನಾನಿಲ್ಲದೆ. ದೊಡ್ಡ ಭಾವ, "ಬುಡಪ್ಪ, ನಮ್ಮ ಬೆಲೆ ಇಷ್ಟೇ. ಹೆಣ್ಣು ಕೊಟ್ಟೋರ ಮನೇಲಿ ಎಷ್ಟು ಮಾಡುದ್ರೂ ಇಷ್ಟೇಯಾ. ನಡಿ, ಟೀ ಕುಡಿಯವಾ" ಎಂದರು. ಇಬ್ಬರೂ ನನ್ನನ್ನು ಬಯ್ಯುತ್ತಾ ಟೀ ಕುಡಿದರು, ಬಯ್ಯುತ್ತಾ ಒಂದೇ ಮೋಟಾರು ಸೈಕಲ್ಲಿನಲ್ಲಿ ಹುಣಸೂರಿನವರೆಗೆ ಹೋದರು. ನನ್ನ ಮೇಲಿನ ಸಿಟ್ಟು ಅವರಿಬ್ಬರಿಗೂ ಸಮಪಾಲಾಗಿ ಬಂದಿತ್ತು. ಅದರ ಮುಂದಿನ ಹಬ್ಬಕ್ಕೆ ಬಂದಾಗ ಅವರು ನನ್ನೊಂದಿಗೆ ಮಾತಾಡಲಿಲ್ಲ, ತಮ್ಮತಮ್ಮಲ್ಲಿ ಮಾತ್ರ ನಗುನಗುತ್ತಾ ಮಾತಾಡಿದರು. ಅವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಓಗ್ಲಿ ಬುಡು, ನಿನ್ನ ಬಯ್ದಾದ್ರೂ ಒಂದಾದ್ರಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಂಪಾಪುರದಿಂದ ಒಪ್ಪಿಗೆ ಬಂತು. ಆ ಫೋನು ಬಂದ ಮೇಲೆ ನಾನು ಅಂಗಡಿಯ ಬಾಗಿಲು ಹಾಕದೆ ಮನೆಗೆ ಬಂದುಬಿಟ್ಟಿದ್ದೆ, ಅಷ್ಟು ಸಂತೋಷ. ಮದುವೆಯಾಗುತ್ತಿದ್ದಂತೆ ಅವಳ ಟ್ರೈನಿಂಗೂ ಶುರುವಾಯಿತು. ಒಂದು ದಿನ ಅವಳನ್ನು ಕೇಳಿದೆ, ಅವತ್ತು ನನ್ನಲ್ಲಿ ಏನು ಕಂಡು ಒಪ್ಪಿದೆ ಎಂದು. "ನಿಮ್ಮ ಕೈ ನಡುಗ್ತಾ ಇತ್ತು. ಆದ್ರೂ ಒತ್ತಿದ್ರಲ್ಲ, ಅದಕ್ಕೆ" ಎಂದಳು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಆಯುಷ್ಯಪೂರ್ತಿ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ. ಅವಳು ತೊಗರಿಕಾಯಿ ಬಿಡಿಸುತ್ತಾ, "ಹಂಗೆ ನೋಡಿದ್ರೆ ಅವೆರಡನ್ನೂ ನಿಲ್ಲಿಸಬೇಕಾಗೇ ಇರ್ಲಿಲ್ಲ. ನನ್ನ ಕಂಪ್ಯೂಟರಿಗೆ ಮಾತ್ರ ಆ ನಂಬರು ತುಂಬಿದ್ರೆ ಸಾಕಿತ್ತು, ಯಾರ್ಗೂ ಗೊತ್ತೇ ಆಗ್ತಿರ್ಲಿಲ್ಲ" ಎಂದಳು. ನನಗೆ ತಲೆ ಗಿರ್ರೆಂದಿತು. ಹೌದಲ್ಲ! ನನ್ನ ಜೀವಮಾನದ ಒಂದೇ ಒಂದು ಧೈರ್ಯದ ಕೆಲಸ, ಅದೂ ಬೇಕಿಲ್ಲದ್ದು. "ಅವತ್ತೇ ಹೇಳಬಾರ್ದಾಗಿತ್ತಾ?" ಎಂದೆ. "ಹೇಳಿದ್ರೆ ನೀವು ನಿಲ್ಲಿಸ್ತಿದ್ರಾ?" ಎಂದಳು.

ಮೊದಲ ಹಬ್ಬಕ್ಕೆ ಹಂಪಾಪುರಕ್ಕೆ ಕರೆದರು. ಹೊಸ ಅಳಿಯ, ಹೊಸ ಪಂಚೆ, ನಾನು ಬಂದರೆ ಕೂತವರು ಏಳುತ್ತಿದ್ದರು. ಪವಿತ್ರಳ ತಮ್ಮ ಲೋಕೇಶ ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟು, ನಾಲ್ಕು ಕಂಪ್ಯೂಟರು ಹಾಕಿದ್ದ. ಊಟದ ನಂತರ ಅಂಗಡಿ ತೋರಿಸಲು ಕರೆದುಕೊಂಡು ಹೋದ. ಮೂಲೆಯಲ್ಲಿ ಒಂದು ಲಿನಕ್ಸ್ ಪೆಟ್ಟಿಗೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. "ಎಂಗೆ ನಡೀತಾ ಅದೆ?" ಎಂದೆ. "ಚೆನ್ನಾಗ್ ನಡೀತಾ ಅದೆ ಭಾವ, ಏನೂ ತೊಂದ್ರೆ ಇಲ್ಲ" ಎಂದ. ತೊಂದರೆ ಇಲ್ಲವೆಂದ ಮೇಲೆ ಸುಮ್ಮನೆ ಬರಬಹುದಿತ್ತು. ಆದರೆ ಅಕ್ಕನ ಗಂಡ ಮೊದಲ ಸಲ ಬಂದವನು ಬರಿಗೈಯಲ್ಲಿ ಎದ್ದು ಹೋದರೆ ಹುಡುಗ ಏನೆಂದುಕೊಂಡಾನು? ಎಷ್ಟು ಕಷ್ಟಪಟ್ಟು ಕಲಿತಿದ್ದೇನೆ, ಇವನಿಗಾದರೂ ಉಪಯೋಗವಾಗಲಿ. "ಎಲ್ಲಿ, ಒಸಿ ಪಕ್ಕಕ್ಕೆ ಸರಿ" ಎಂದು ಅವನ ಕುರ್ಚಿಯಲ್ಲಿ ಕೂತೆ. ಸಂಜೆಯವರೆಗೆ ಕೂತು ಅವನ ಪೆಟ್ಟಿಗೆಯಲ್ಲಿದ್ದದ್ದರ ಪಕ್ಕದಲ್ಲಿ ನನ್ನದೂ ಒಂದು ಡಿ.ಎನ್.ಎಸ್. ಹಾಕಿ, ಮೊದಲು ಅದೇ ಏಳುವಂತೆ ಮಾಡಿ ಕೈ ತೊಳೆದುಕೊಂಡೆ. ಲೋಕೇಶ ಕೈಕಟ್ಟಿಕೊಂಡು ನಿಂತೇ ಇದ್ದ. "ತುಂಬಾ ಚೆನ್ನಾಗಾಯ್ತು ಭಾವ" ಎಂದ. ಬಸ್ಸಿನಲ್ಲಿ ಪವಿತ್ರ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಹೆಗ್ಗಡದೇವನಕೋಟೆ ದಾಟುವಾಗ ನನಗೆ ಅವನ ದನಿಯ ಬಗ್ಗೆ ಸ್ವಲ್ಪ ಅನುಮಾನ ಬಂದದ್ದು ನಿಜ. ಹುಣಸೂರು ಬರುವಷ್ಟರಲ್ಲಿ, ಹುಡುಗ ಅದನ್ನು ಮನಸಾರೆ ಮೆಚ್ಚಿಕೊಂಡೇ ಹೇಳಿದ್ದಾನೆಂದು ನನಗೆ ಖಾತ್ರಿಯಾಗಿತ್ತು.